ಬೀಗದ ಕೈ ಯಾರ ಹತ್ತಿರ

ನಲವತ್ತೊಂದು ಹಸಿರು ಚುಕ್ಕಿ.
ಒಂದೊಂದರ ಸುತ್ತ ಕೈವಾರ ಹಿಡಿದು ಎಳೆದಂತೆ
ಅರ್ಧ ಕಿಲೋಮೀಟರಿನ ತೆಳು ವೃತ್ತ.
ವೃತ್ತಕ್ಕೆ ವೃತ್ತ ತಗುಲಿ, ಒಂದರ ಮೇಲೊಂದು ಹತ್ತಿ,
ವಾರ್ಡೆಲ್ಲ ಮಳೆಹನಿ ಬಿದ್ದ ಕುಂಟೆಯ ಹಾಗೆ ಕಂಡಿತು.
"ಶೌಚಾಲಯ ವ್ಯಾಪ್ತಿ: ಶೇಕಡ ತೊಂಬತ್ತೆರಡು"
ಎಂದು ಮೂಲೆಯಲ್ಲಿ ಬರೆದು
ಕಾಫಿಗೆ ಎದ್ದೆ.

ಮೆಟ್ಟಿಲ ಬಳಿ ಪೊರಕೆ ಒರಗಿಸಿ ನಿಂತಿದ್ದ ದೊರೆಸಾನಮ್ಮ
ಪ್ರಿಂಟನ್ನು ತಲೆಕೆಳಗಾಗಿ ಹಿಡಿದು ನೋಡಿದಳು.
"ಇದೇನ್ ಮೇಡಂ, ಹೆಸರುಕಾಳು ಚೆಲ್ದಂಗಿದೆ?"
ಇಂಥದ್ದು ಎಂದು ಹೇಳಿದೆ.
ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು,
ನಗು ಬೇಗ ನಿಲ್ಲಲಿಲ್ಲ.
"ನಾಳೆ ಐದೂವರೆಗೆ ಬನ್ನಿ. ಚಪ್ಪಲಿ ಬೇಡ, ಶೂ ಹಾಕ್ಕೊಂಡ್ ಬನ್ನಿ."

ಮೊದಲನೆಯದರ ಬಾಗಿಲಿಗೆ ಇಡ್ಲಿ ಗಾಡಿ, ಚಕ್ರಕ್ಕೆ ಸರಪಳಿ.
ಎರಡನೆಯದರೊಳಗೆ ಯಾರದೋ ಸಿಮೆಂಟು ಚೀಲ.
ಮೂರನೆಯದು ಚೆನ್ನಾಗಿದೆ, ಹೊಸ ಟೈಲ್ಸು, ಗೋಡೆಗೆ ನವಿಲು,
ತೆರೆಯುವುದು ಏಳಕ್ಕೆ.
ಅವಳ ಹಾಜರಿ ಆರಕ್ಕೆ.
ನಾಲ್ಕನೆಯದು ಇರಲೇ ಇಲ್ಲ. ಮೇಲ್ಸೇತುವೆಯ ಕಂಬ
ಆ ಜಾಗದಲ್ಲಿ ಬೆಳೆದು ನಿಂತಿತ್ತು,
ನನ್ನ ಹಾಳೆಯಲ್ಲಿ ಮಾತ್ರ ಅದಿನ್ನೂ ಹಸಿರು.
ಹನ್ನೆರಡನೇ ಅಡ್ಡರಸ್ತೆ ದಾಟಿದರೆ ಹದಿನಾಲ್ಕು;
ಹದಿಮೂರನ್ನೇ ನುಂಗಿ ಕೂತ ಬಡಾವಣೆಗೆ
ಒಂದು ಕಕ್ಕಸು ಯಾವ ಲೆಕ್ಕ.

"ಬೀಗದ ಕೈ ಯಾರ್ ಹತ್ರ?"
ಕೇಳುತ್ತಲೇ ಹೋದಳು, ನನ್ನನ್ನಲ್ಲ, ಬಾಗಿಲನ್ನು.
ಬಾಳೆಮಂಡಿಯ ಹಿಂದೆ ಒಂದು ಗಳಿಗೆ ನಿಂತು:
"ಹದಿನಾಲ್ಕು ವರ್ಷ ಆಯ್ತು, ಕೆಲಸ ಮುಗಿಯೋ ತನಕ
ನೀರ್ ಕುಡಿಯಲ್ಲ. ಬೇಸಿಗೇಲಿ ಉರಿ. ಅಷ್ಟೆ."
ಆ 'ಅಷ್ಟೆ'ಯನ್ನು
ಎಕ್ಸೆಲ್ಲಿನ ಯಾವ ಕಾಲಮ್ಮಿಗೆ ಹಾಕಬೇಕೋ ತಿಳಿಯಲಿಲ್ಲ.

ಆ ವಾರ ಇಪ್ಪತ್ನಾಲ್ಕು ನಕ್ಷೆ ಮಾಡಿದೆ, ಗಂಟೆಗೊಂದು.
ಮಧ್ಯಾಹ್ನ ಹನ್ನೆರಡಕ್ಕೆ ಕಾಳು ತುಂಬಿದ ಮೊರ.
ಬೆಳಿಗ್ಗೆ ಆರಕ್ಕೆ ಅದೇ ಮೊರದಲ್ಲಿ ಮೂರು ಕಾಳು,
ಅದರಲ್ಲೊಂದು ಗಂಡಸರದ್ದು.

ಸಭೆಯಲ್ಲಿ ಸಾಹೇಬರು ಕನ್ನಡಕ ಏರಿಸಿದರು.
"ಚುಕ್ಕಿಗಳೆಲ್ಲ ಎಲ್ಲಿ ಹೋದವು? ಫೈಲ್ ಕೆಟ್ಟಿದೆಯಾ?"
"ಇಲ್ಲ ಸರ್, ಬಾಗಿಲು ತೆಗೆದಿಲ್ಲ."
ಅವರು ನೀರಿನ ಬಾಟಲಿಯ ಮುಚ್ಚಳವನ್ನು
ತೆಗೆಯದೆ, ಬಿಗಿಯದೆ, ಸುಮ್ಮನೆ ತಿರುಗಿಸುತ್ತ ಕೂತರು.
ನಕ್ಷೆ ಗೆದ್ದಿತು ಅಂದುಕೊಂಡೆ.

ಗೆದ್ದದ್ದು ಬಿಳಿ ಜಾಗ.
ಬಿಳಿ ಕಂಡರೆ ಎಂಜಿನಿಯರಿಗೆ ಕೈ ತುರಿಸುತ್ತದೆ:
ಹನ್ನೆರಡು ಹೊಸ ಘಟಕ, ಉಕ್ಕಿನ ಬಾಗಿಲು,
ಟೆಂಡರಿಗೆ ನನ್ನದೇ ನಕ್ಷೆ, ಅನುಬಂಧ ಮೂರು.
ಕಡತ ಮೇಲಿನ ಮಹಡಿಗೆ ಹತ್ತಿದೆ, ಇಳಿದಿಲ್ಲ.
ಅವಳು ಕೇಳಿದ್ದು ಕಟ್ಟಡವನ್ನಲ್ಲ.
ಬಣ್ಣ ಆರಿಸುವಾಗ ನಾನೇ
ಮುಚ್ಚಿದ್ದಕ್ಕೂ ಇಲ್ಲದ್ದಕ್ಕೂ ಒಂದೇ ಬಿಳಿ ಕೊಟ್ಟಿದ್ದೆ.

ಇನ್ನೊಂದು ಮಾಡಿದೆ, ಯಾರೂ ಕೇಳದೆ.
ಬಣ್ಣವಿಲ್ಲ, ಎರಡು ರೂಪಾಯಿಯ ಜೆರಾಕ್ಸು.
ಚುಕ್ಕಿಯ ಪಕ್ಕ ಬೀಗದ ಕೈ ಇಟ್ಟುಕೊಂಡವರ ಹೆಸರು, ನಂಬರು:
ಇಡ್ಲಿ ಗಾಡಿ ಕುಪ್ಪುಸ್ವಾಮಿ. ಸಿಮೆಂಟಿನ ಓಬಳೇಶ.
ಪಾರ್ಕಿನ ವಾಚ್‌ಮನ್ ಹೆಂಡತಿ ಪಂಕಜಾಕ್ಷಿ.
ಎಂಟು ಕಡೆ "ಗೊತ್ತಿಲ್ಲ".
ಹಾಜರಿ ಹಾಕುವ ಜಾಗದ ಗೋಡೆಗೆ
ಮೈದಾ ಅಂಟು ಬಳಿದು ಹಚ್ಚಿದೆವು.

ಮರುದಿನದಿಂದ ಐದೂಕಾಲಿಗೇ ಫೋನು.
ಮೂವತ್ತೈದು ಹೆಂಗಸರು, ಒಬ್ಬರಾದ ಮೇಲೆ ಒಬ್ಬರು.
ಕುಪ್ಪುಸ್ವಾಮಿ ಗಾಡಿಯನ್ನು ಎರಡಡಿ ಸರಿಸಿದ.
ಪಂಕಜಾಕ್ಷಿ ಬೀಗದ ಕೈಯನ್ನು ಕಿಟಕಿಯ ಮೊಳೆಗೆ ನೇತುಹಾಕಿ ಮಲಗತೊಡಗಿದಳು.
ಓಬಳೇಶ ನಂಬರು ಬದಲಿಸಿದ.

ಕಳೆದ ಸೋಮವಾರ ಹೋಗಿದ್ದೆ.
ಕೊಳಾಯಿ ಬಳಿ ದೊರೆಸಾನಮ್ಮ ಅರ್ಧ ಲೋಟ ನೀರು ಕುಡಿದು
ಉಳಿದರ್ಧ ಚೆಲ್ಲಿದಳು,
ಇನ್ನೂ ಪೂರ್ತಿ ನಂಬಿಕೆಯಿಲ್ಲ.
ಆಮೇಲೆ ನನ್ನನ್ನು ಗೋಡೆಯ ಹತ್ತಿರ ಕರೆದು
ಒಂದು ಕಡೆ ಉಗುರಲ್ಲಿ ಕೆರೆದಳು:
"ಏಳನೇದು ರಸ್ತೆ ಆ ಕಡೆ ಅಲ್ಲ ಮೇಡಂ, ಈ ಕಡೆ.
ಕತ್ತಲಲ್ಲಿ ದಾಟೋಕ್ ಹೋಗಿ ಬಸ್ಸಿಗ್ ಸಿಕ್ಕಿದ್ರೆ?"
ಕೋಟಿನ ಜೇಬಿನಿಂದ ಪೆನ್ನು ತೆಗೆದು
ನನ್ನ ಕೈಗೆ ಕೊಟ್ಟು ಕಾದಳು.