ಕಚ್ಚು

ಎಂಟಕ್ಕೇ ಬಂದು ಕೂತಿದ್ದಳು ಗೆನೊವೇಫಾ,
ತೊಡೆಯ ಮೇಲೆ ಕೈಚೀಲ, ಚೀಲದ ಮೇಲೆ ಕೈ.
ಹೊರಗೆ ಪಿಯೊತ್ರ್‌ಕೋವ್‌ಸ್ಕಾ ಬೀದಿಯಲ್ಲಿ
ಹಿಮ ಕೆಸರಾಗುತ್ತಿತ್ತು.
ನಮಸ್ಕಾರ ಅಂದೆ, ನಕ್ಕಳು.
ನಗು ಬರುವ ಮೊದಲೇ ಎಡಗೈ ಎದ್ದು
ಬಾಯಿ ಮುಚ್ಚಿತು.

ಕೈ ತೆಗೆಯಿರಿ, ಎಂದೆ.
ಮೇಲಿನ ಸಾಲು, ಬಲಗಡೆಯ ಮುಂಹಲ್ಲು,
ಅಂಚಿನಲ್ಲೊಂದು ಕಚ್ಚು:
ಉಗುರಲ್ಲಿ ಗೀರಿದಷ್ಟು,
ಒಂದೆಳೆ ಸರಿಯಾಗಿ ಕೂರುವಷ್ಟು.

ಹೇಗಾಯಿತು ಅಂತ ಕೇಳಲಿಲ್ಲ.
ಈ ಊರಲ್ಲಿ ಅದನ್ನು ಯಾರೂ ಕೇಳುವುದಿಲ್ಲ.
ಊರಿನ ಹೆಸರು ವೂಚ್, ಅಂದರೆ ದೋಣಿ.
ದೋಣಿ ತೇಲಲು ನೀರೆಲ್ಲಿ?
ಹೊಳೆಗಳನ್ನು ಗಿರಣಿಗಳು ಕುಡಿದು
ಮಿಕ್ಕಿದ್ದನ್ನು ಕಲ್ಲುಹಾಸಿನಡಿ ಹೂತವು.
ಉಳಿದದ್ದು ನೂಲು, ನೂಲಿನ ತುದಿಗೆ ಹೆಂಗಸರು,
ಹೆಂಗಸರ ಬಾಯಲ್ಲಿ ಈ ಕಚ್ಚು.
ನನ್ನ ಅಜ್ಜಿಗೂ ಇತ್ತು.

"ಮೂವತ್ತೆಂಟು ವರ್ಷ" ಅಂದಳು.
"ಕತ್ತರಿ ಹುಡುಕುತ್ತ ಕೂತರೆ ಲೆಕ್ಕ ಮುಗಿಯುತ್ತಿರಲಿಲ್ಲ.
ಗುಂಡಿಗೊಂದು ಕಡಿತ, ಅಂಗಿಗೆ ಏಳು ಗುಂಡಿ,
ನೀನೇ ಗುಣಿಸಿಕೋ, ಹುಡುಗೀ."

ಮತ್ತೆ ಈಗೇಕೆ?

ಚೀಲದ ಹಿಡಿಕೆ ತಿರುವಿದಳು.
"ಬುಧವಾರ ಸಂಜೆ ಕ್ಲಬ್ಬಿನಲ್ಲಿ ವಾಲ್ಟ್ಸ್ ಕಲಿಸುತ್ತಾರೆ.
ಝೆನೋನ್ ಅಂತ, ಟ್ರಾಮ್ ಓಡಿಸುತ್ತಿದ್ದವನು, ಕರೆದಿದ್ದಾನೆ.
ಅವನದೇನು, ಪೂರ್ತಿ ಕಟ್ಟಿಸಿದ ಹಲ್ಲು.
ನನ್ನ ಕಥೆ ಬೇರೆ. ವಾಲ್ಟ್ಸಿಗೆ
ಎರಡೂ ಕೈ ಬೇಕಲ್ಲ."

ಬಣ್ಣದ ಮಾದರಿಗಳನ್ನು ತುಟಿಯ ಬಳಿ ಹಿಡಿದೆ.
ಕನ್ನಡಿ ನೋಡಿ, ಅತಿ ಬಿಳಿಯದನ್ನು ಪಕ್ಕಕ್ಕೆ ತಳ್ಳಿದಳು.
"ಹಳೇ ಕೋಟಿಗೆ ಹೊಸ ದಾರದ ರಫೂ ಹಾಕಿದರೆ
ಬೀದಿಯ ಆಚೆ ಬದಿಗೂ ಕಾಣುತ್ತೆ.
ಸ್ವಲ್ಪ ಚಹಾ ಕುಡಿದ ಬಿಳಿ ಕೊಡು."

ಸೂಜಿ ಬೇಕಿಲ್ಲ ಎಂದಾಗ
ತುಸು ನಿರಾಸೆಯೇ ಆದಂತಿತ್ತು.
ಆಮ್ಲದ ನೀಲಿ ಲೇಪ ಹಚ್ಚಿ ಮನಸ್ಸಲ್ಲೇ ಇಪ್ಪತ್ತು ಎಣಿಸಿದೆ.
ತೊಳೆದು ಒಣಗಿಸಿದರೆ ಹಲ್ಲು ಹೊಳಪು ಬಿಟ್ಟು
ಸೀಮೆಸುಣ್ಣದ ಹಾಗೆ ಮಂಕು.
ಹೆದರಬೇಡಿ, ಎಂದೆ, ನುಣುಪಿಗೆ ಏನೂ ಅಂಟುವುದಿಲ್ಲ,
ಮೊದಲು ಒರಟಾಗಬೇಕು.
ಬಾಯಿ ತೆರೆದೇ ಹುಬ್ಬು ಹಾರಿಸಿದಳು,
ಇದನ್ನು ನನಗೆ ಹೇಳುತ್ತೀಯಾ, ಎಂಬಂತೆ.

ಆಮೇಲೆ ಅಂಟು. ಆಮೇಲೆ ರಾಳ,
ನಾದಿದ ಹಿಟ್ಟಿನಷ್ಟು ಮೆತ್ತಗೆ, ಅಕ್ಕಿಕಾಳಿಗಿಂತ ಚಿಕ್ಕದು.
ಒಳಗೆ ಹಳದಿ ಮಿಶ್ರದ ಪದರ,
ಅಂಚಿಗೆ ಗಾಜಿನಂಥದು.
ಒಮ್ಮೆಗೇ ತುಂಬಿದರೆ ಬೆಳಕು ತಳ ಮುಟ್ಟದು,
ಅದಕ್ಕೇ ಒಂದು ತುಣುಕು, ನೀಲಿ ದೀಪ, ಗಟ್ಟಿ;
ಮತ್ತೊಂದು ತುಣುಕು, ನೀಲಿ ದೀಪ, ಗಟ್ಟಿ.
ಪಕ್ಕದ ಹಲ್ಲಿನ ಸಣ್ಣ ಗೆರೆಯನ್ನೂ ನಕಲು ಮಾಡಿದೆ.
ಬರೀ ಚಂದ ಮಾಡಿದರೆ ಸುಳ್ಳು ಕಾಣುತ್ತದೆ.

ನೀಲಿ ಕಾಗದ ಕಚ್ಚಿಸಿದೆ, ಟಕ್ ಟಕ್.
ಎತ್ತರವಿದ್ದಲ್ಲಿ ಚುಕ್ಕೆ ಬಿತ್ತು.
"ಕಾರ್ಬನ್ನು! ನಾವೂ ಹೀಗೇ ಗುರುತು ಹಾಕುತ್ತಿದ್ದೆವು" ಎಂದಳು
ಬಾಯಿತುಂಬ ನೀರಿಟ್ಟುಕೊಂಡು.
ಉಜ್ಜಿದೆ. ಮತ್ತೆ ಉಜ್ಜಿದೆ.

ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು.
ನಾಲಿಗೆ ತನ್ನ ಹಳೇ ಕಿಂಡಿಗೆ ಹೋಗಿ
ಗೋಡೆ ಮುಟ್ಟಿ ಬಂತು. ಮತ್ತೆ ಹೋಯಿತು.
ನಕ್ಕಳು. ಎಡಗೈ ಅರ್ಧಕ್ಕೆ ಎದ್ದು
ಕೆಲಸವಿಲ್ಲದೆ ಕಿವಿಯೋಲೆ ಮುಟ್ಟಿ ಇಳಿಯಿತು.

ಎರಡು ದಿನ ಕಾಫಿ ಬೇಡ, ಬೀಟ್‌ರೂಟ್ ಸಾರು ಬೇಡ.
ಐದಾರು ವರ್ಷಕ್ಕೆ ಸವೆಯಬಹುದು, ಆಗ ಬನ್ನಿ.
ದಾರ ಮಾತ್ರ ಕಚ್ಚಲೇಬೇಡಿ.
"ಐದಾರು ವರ್ಷ" ಎಂದು ಬೆರಳು ಮಡಿಸಿದಳು.
ಎಣಿಸಿದ್ದು ರಾಳದ್ದೋ, ತನ್ನದೋ, ಝೆನೋನನದೋ.

ಎದ್ದವಳು ನನ್ನ ಬಿಳಿ ಕೋಟನ್ನೇ ನೋಡಿದಳು:
ಎರಡನೇ ಗುಂಡಿ ಒಂದೆಳೆಯಲ್ಲಿ ನೇತಾಡುತ್ತಿತ್ತು.
"ಬಿಚ್ಚಬೇಡ, ನಿಂತೇ ಇರು."
ಚೀಲದಿಂದ ಸೂಜಿ ಬಂತು, ದಾರ ಬಂತು,
ನಾಲ್ಕು ಹೊಲಿಗೆ, ಬುಡಕ್ಕೆ ಸುತ್ತು, ಗಂಟು.
ಆಮೇಲೆ ಬಾಗಿದಳು ನನ್ನ ಎದೆಯ ಬಳಿಗೆ,
ತುಟಿ ತೆರೆದು,

ಅಲ್ಲೇ ನಿಂತಳು.
ನಾನೂ ಉಸಿರು ಹಿಡಿದೆ.
ಬಿಗಿದ ದಾರ ಇಬ್ಬರ ನಡುವೆ.

ಗಾಯದ ಹೊಲಿಗೆ ಕತ್ತರಿಸುವ ಕತ್ತರಿ ಚಾಚಿದೆ.
ಒಂದು ಸಲಕ್ಕೆ ತುಂಡಾಗಲಿಲ್ಲ.
"ಮೊಂಡು" ಅಂದಳು, ಬಾಯಿತುಂಬ ಕಾಣುವಂತೆ,
"ಸಾಣೆ ಹಿಡಿಸು."