ನೂರರ ಹಲಗೆ

ಕಡಲಂಚಿಗೇ ಬಳಿದಂತಿದೆ ಈ ಟ್ರ್ಯಾಕು.
ಮೋನ್ ದ್ವೀಪದ ಗಾಳಿಗೆ ಉಪ್ಪು, ರಬ್ಬರು, ಕುರಿಹಿಕ್ಕೆ
ಮೂರರದೂ ವಾಸನೆ.

ಎಮ್ರಿಸ್ ಮೂರು ರಾತ್ರಿ ಕೂತು ಜೋಡಿಸಿದ್ದಾನೆ:
ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್, ಗೀರು ಕೊರೆದ ಡಿಸ್ಕು,
ಉಕ್ಕಿನ ಹೆಣಿಗೆಯ ಕೊಳವೆ.
ಹಾಲಿನ ಟ್ಯಾಂಕರು ರಿಪೇರಿ ಮಾಡಿದ ಕೈ,
ಬೋಲ್ಟು ಬಿಗಿದ ಮೇಲೆ ಒಮ್ಮೆ ಸವರದೆ ಬಿಡುವುದಿಲ್ಲ.

ಮೊದಲ ಸುತ್ತುಗಳು ಮೆಲ್ಲಗೆ,
ಪ್ಯಾಡಿಗೂ ಡಿಸ್ಕಿಗೂ ಪರಿಚಯವಾಗಲಿ ಅಂತ.
ಆಮೇಲೆ ನೇರ ಹಾದಿ. ನೂರ ಹತ್ತು ಮೈಲಿ ವೇಗ.
ನೂರೈವತ್ತರ ಹಲಗೆ ಬಂತು.
ಹೋದ ವರ್ಷ ಇಲ್ಲೇ ಪೆಡಲು
ನೆನೆದ ಬ್ರೆಡ್ಡಿನ ಹಾಗೆ ತಳದವರೆಗೂ ಕುಸಿದು
ಜಲ್ಲಿಯಲ್ಲಿ ಹೂತು ಕೂತಿದ್ದೆ;
ಬೇಲಿಯಾಚೆ ಒಂದು ಕುರಿ
ಮೆಲುಕು ನಿಲ್ಲಿಸದೆ ನೋಡಿತ್ತು.

ಒತ್ತಿದೆ.
ಬೆಲ್ಟು ಎದೆ ಕಚ್ಚಿತು,
ಕಣ್ಣು ಗೇಣು ಮುಂದೆ ಹೋಗಿ ಬಂತು.
ಕಾರು ನಿಂತೇ ಬಿಡುವಂತಾಯಿತು.
ತಿರುವು ಇನ್ನೂ ಎಷ್ಟು ದೂರ!
ತನ್ನ ಸ್ಟಾಪಿಗೆ ಮುಂಚೆಯೇ ಬಸ್ಸಿಳಿದವಳಂತೆ
ಎರಡನೇ ಗೇರಿನಲ್ಲಿ ತೆವಳುತ್ತ ಹೋದೆ.
ಹಿಂದಿನವನು ಲೈಟು ಮಿಣುಕಿಸಿದ.

"ನೂರರ ಹಲಗೆ," ಅಂದ ಎಮ್ರಿಸ್,
"ಅಲ್ಲಿಯವರೆಗೆ ಕಾಲೆತ್ತಬೇಡ, ನೆರಿಸ್.
ಬ್ರೇಕು ಬದಲಾಯಿಸಿದ್ದೇನೆ,
ಕಾಲು ಹಳೆಯದೇ ಉಳಿದಿದೆ."

ಹತ್ತು ಸುತ್ತು ಹೋದೆ.
ಹತ್ತು ಸಲವೂ ಕಾಲಿಗೆ ಜಲ್ಲಿ ನೆನಪಾಯಿತು.
ಹನ್ನೊಂದರಲ್ಲಿ, ನೂರಿಪ್ಪತ್ತು ಇರಬಹುದು.
ನೂರಲ್ಲ.

"ಹ್ಯಾಂಡ್‌ಬ್ರೇಕ್ ಎಳೆಯಬೇಡ, ಕೆಂಡ ಅದು,"
ಅನ್ನುತ್ತ ಚಕ್ರದಡಿ ಮರದ ತುಂಡೊಂದನ್ನು
ಬೂಟಿನಿಂದ ತಳ್ಳಿದ.
ಅಷ್ಟಕ್ಕೇ ನಿಂತಿತು ಕಾರು,
ಟಿಕ್ ಟಿಕ್ ಅಂತ ತಣಿಯುತ್ತ.

ಫ್ಲಾಸ್ಕಿನ ಮುಚ್ಚಳದ ಚಹಾ
ನನ್ನ ಮೊಣಕಾಲಿನ ಮೇಲೆ ತುಳುಕುತ್ತಿತ್ತು.
ಅವನು ನೋಡಿದ, ಕೇಳಲಿಲ್ಲ.
ಬಿಸ್ಕತ್ತು ಚಾಚಿದ.