ಕಪ್ಪಿನೊಳಗೆ ಕಪ್ಪು

ಫ್ರಿಂಪಾಂಗ್, ಆ ಕಾಗದ ಮಡಚಿಡು.
ಎಷ್ಟು ಪಿಕ್ಸೆಲ್ಲು, ಸೆಕೆಂಡಿಗೆಷ್ಟು ಫ್ರೇಮು,
ಮೂರು ವಾರದಿಂದ ಅದೇ ಓದಿದ್ದೇನೆ,
ಕರೆಂಟಿದ್ದಾಗ ಫೋನಿನಲ್ಲಿ,
ಇಲ್ಲದಾಗ ತಲೆಯಲ್ಲಿ.
ಎರಡನ್ನೂ ಹೊರಗೆ ತಾ, ಬೀದಿಯ ಬಿಸಿಲಿಗೆ.
ಈಗ ಹನ್ನೆರಡು ಗಂಟೆ.
ಸಾವಿನ ಮನೆಯ ಬೆಳಕು ಇಂಥದ್ದೇ.

ನನ್ನ ಕಸುಬು ನಿನಗೆ ಗೊತ್ತು.
ಕುಮಾಸಿಯಲ್ಲಿ ಸದ್ದಿಲ್ಲದೆ ಹುಟ್ಟಬಹುದು.
ಸತ್ತರೆ ಮಾತ್ರ ಶಾಮಿಯಾನ ಬೇಕು,
ಐನೂರು ಪ್ಲಾಸ್ಟಿಕ್ ಕುರ್ಚಿ ಬೇಕು,
ಯಾರು ಎಷ್ಟು ಸೆಡಿ ಕೊಟ್ಟರೆಂದು ಕೂಗುವ ಮೈಕು ಬೇಕು,
ಶನಿವಾರ ಬೇಕು,
ಆಮೇಲೆ ನಾನು ಬೇಕು.

ಕಪ್ಪು ಬಟ್ಟೆ, ಕಪ್ಪು ಮೈ, ಶಾಮಿಯಾನದ ಕಪ್ಪು ನೆರಳು,
ಅದರಾಚೆ ಸುಣ್ಣ ಚೆಲ್ಲಿದಂಥ ಬಿಸಿಲು.
ನನ್ನ ಹಳೆಯ ಕ್ಯಾಮೆರಾ ಸೋಲುತ್ತಿದ್ದದ್ದು ಇಲ್ಲೇ.
ಮುಖ ಉಳಿಸಿದರೆ ಆಕಾಶ ಸುಟ್ಟುಹೋಗುತ್ತಿತ್ತು,
ಆಕಾಶ ಉಳಿಸಿದರೆ
ಚಿಕ್ಕಮ್ಮಂದಿರೆಲ್ಲ ಸೇರಿ ಒಂದೇ ಗುಡ್ಡೆ ಇದ್ದಿಲು.

ಎಲ್ಲಿ, ನಿನ್ನ ಅಂಗಡಿಯ ಹುಡುಗನನ್ನು ಕರೆ.
ಏನು ಹೆಸರು? ಅಟಾ? ಹಾಗಾದರೆ ಅವಳಿ.
ಇನ್ನೊಬ್ಬ ಎಲ್ಲಿ, ತಕೊರಾಡಿಯಲ್ಲಾ? ಸರಿ.
ಕೊಡೆಯ ಕೆಳಗೆ ನಿಲ್ಲು ಮಗ. ನಗಬೇಡ.
ನಗಬೇಡ ಅಂದರೆ ಎಲ್ಲರಿಗೂ ನಗು ಬರುತ್ತದೆ.
ನಕ್ಕುಬಿಡು.

ದೊಡ್ಡದರಲ್ಲಿ ಮೊದಲು.
ಅಬ್ಬ.
ಹಣೆಯಲ್ಲಿ ತಾಮ್ರ, ಕೆನ್ನೆಯಲ್ಲಿ ನೇರಳೆ,
ಗಲ್ಲದ ಕೆಳಗಿನ ಕಪ್ಪಿನೊಳಗೆ
ಇನ್ನೊಂದು ಕಪ್ಪು ಬೆಚ್ಚಗೆ ಕೂತಿದೆ.
ಇವನ ತಾಯಿಯೂ ಇವನನ್ನು
ಇಷ್ಟು ನಿಧಾನವಾಗಿ ನೋಡಿರಲಿಕ್ಕಿಲ್ಲ.

ಚಿಕ್ಕದು ಗುಮಾಸ್ತನ ಹಾಗೆ:
ಮೂಗು ಇದೆ, ಬಾಯಿ ಇದೆ, ಸಹಿ ಹಾಕಿ ಅನ್ನುತ್ತದೆ.
ಚರ್ಮದ ಮೇಲೆ ತೆಳ್ಳಗೆ ಬೂದಿ ಬಳಿದಂತೆ.
ಆದರೆ ಹಗುರ. ನನ್ನ ಹೆಗಲಿನ ಓಟು ಇದಕ್ಕೇ.
ಬ್ಯಾಟರಿ ನಾಲ್ಕು ತಾಸು; ದೊಡ್ಡದರದ್ದು
ಪಾದ್ರಿಯ ಪ್ರಾರ್ಥನೆ ಮುಗಿಯುವುದರೊಳಗೆ ಖಾಲಿ.
ಡಿಸೆಂಬರಿನ ಮರಳುಗಾಳಿ ಎದ್ದರೆ
ಅದರ ಫ್ಯಾನು ನುಂಗುವ ಧೂಳು ಬೇರೆ.
ಇನ್ನು ಬೆಲೆ. ಎರಡರ ನಡುವೆ
ಒಂದು ಹಳೆಯ ಟ್ಯಾಕ್ಸಿ ನಿಲ್ಲಿಸಬಹುದು.

ಹಾಂ, ಇಲ್ಲಿ ಬೆರಳಿಡು.
ಚಿಕ್ಕದರ ಪಕ್ಕೆಯಲ್ಲಿ ಕಾರ್ಡಿಗೆ ಎರಡು ಗೂಡು.
ಬರೆದದ್ದನ್ನೇ ಅದೇ ಕ್ಷಣ
ಎರಡರಲ್ಲೂ ಬರೆಯುತ್ತದೆ.
ದೊಡ್ಡದಕ್ಕೆ ಒಂದೇ.

ಸುಮ್ಮನಾದೆ ಅಂತ ಕೇಳಬೇಡ.
ಹೋದ ಮಾರ್ಚಿನಲ್ಲಿ, ಮ್ಯಾಂಪಾಂಗಿನಲ್ಲಿ,
ಲಾರಿ ಓಡಿಸುತ್ತಿದ್ದವನೊಬ್ಬನ ಶನಿವಾರ.
ಮನೆಗೆ ಬಂದು ನೋಡಿದರೆ ಕಾರ್ಡು ಸತ್ತಿತ್ತು.
ಹಣ ವಾಪಸು ಒಯ್ದೆ. ಅವನ ಹೆಂಡತಿ ದುಫಿಯೆ
ಕವರು ಮುಟ್ಟಲಿಲ್ಲ.
“ಹಾಡು ಬೇಡ, ಭಾಷಣ ಬೇಡ.
ನನ್ನ ನಾದಿನಿ, ಹನ್ನೊಂದು ವರ್ಷ ಮಾತು ಬಿಟ್ಟವಳು,
ನನ್ನ ಕೈ ಹಿಡಿದು ಎರಡು ಹೆಜ್ಜೆ ಕುಣಿದಳಲ್ಲ,
ಅದಿದೆಯಾ?”

ನಾನು ಕಂಡಿದ್ದೆ. ಕಣ್ಣು ಒತ್ತಿ ಹಿಡಿದು,
ಫೋಕಸ್ಸು ತಪ್ಪದ ಹಾಗೆ ಉಸಿರು ಕಟ್ಟಿ.
ಈ ಲೋಕದಲ್ಲಿ ಅದೀಗ
ನನ್ನ ಬಲಗಣ್ಣಿನಲ್ಲಿ ಮಾತ್ರ ಇದೆ.
ಅದಕ್ಕೆ ಚುಚ್ಚುವ ಕೇಬಲ್ಲು
ನಿನ್ನ ಅಂಗಡಿಯಲ್ಲಿಲ್ಲ.

ಚಿಕ್ಕದನ್ನೇ ಕಟ್ಟು.
ಬೂದಿಯನ್ನು ಸೋಮವಾರ ಕೂತು ತೊಳೆಯುತ್ತೇನೆ,
ಒಂದೊಂದೇ ಮುಖ, ಬಣ್ಣ ತಿದ್ದಿ ತಿದ್ದಿ.
ಇರುವ ಮುಖವನ್ನಲ್ಲವೆ ತೊಳೆಯಲಾಗುವುದು.

ದೊಡ್ಡದನ್ನು ಇನ್ನೊಮ್ಮೆ ಕೊಡು,
ಕೊಳ್ಳುವುದಕ್ಕಲ್ಲ, ಸುಮ್ಮನೆ.
ಹಾಗೇ ನಿಂತಿರು ಅಟಾ, ಆ ಕೊಡೆ ಅಲ್ಲಾಡಿಸಬೇಡ.

ಆಯಿತು. ಬೆಲೆಯಲ್ಲಿ ಇನ್ನೂರು ಇಳಿಸು,
ನಿನ್ನ ಅಜ್ಜಿಯದನ್ನು ತೆಗೆದವಳು ನಾನೇ, ಮರೆಯಬೇಡ.
ಕಾರ್ಡು ಎರಡು. ಬೇರೆ ಬೇರೆ ಡಬ್ಬಿಯಿಂದ ತೆಗೆ.
ಒಂದೇ ದಿನ ಹುಟ್ಟಿದವು
ಒಂದೇ ದಿನ ಸಾಯುತ್ತವಂತೆ.

ನಿನಗಲ್ಲ ಹೇಳಿದ್ದು, ಮಗ.
ಕಾರ್ಡಿನ ಮಾತು.